ವರ್ನರ್ ಮೇಷ್ಟ್ರು ಮತ್ತು ನಮ್ಮ ಚಿಕ್ಕಮ್ಮನ ಔಷಧಿ

ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಬ್ಬ ದೊಡ್ಡ ವ್ಯಕ್ತಿಯ ಜೀವನ ಬರೆದುಕೊಡು ಎಂದು ಗುರುಗಳು ಫೋನ್ ಮಾಡಿದಾಗ ನಾನು ಚಿಕ್ಕಮ್ಮನ ಜೊತೆ ಬೆಂಗಳೂರಿನ ಆಸ್ಪತ್ರೆಯಲ್ಲಿದ್ದೆ. ಅವರಿಗೆ ಗರ್ಭಕಂಠದ ಕ್ಯಾನ್ಸರ್ ಆಗಿ ನಾಲ್ಕು ವರ್ಷ. ಆಗ ವಾರಕ್ಕೊಮ್ಮೆ ಹಿರೇಹಳ್ಳಿಯಿಂದ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬಾಟಲಿ ಹಾಕಿಸಿಕೊಂಡು ಬರುತ್ತಿದ್ದೆವು. ಬಾಟಲಿಯ ಮೇಲೆ ಅಂಟಿಸಿದ್ದ ಚೀಟಿಯಲ್ಲಿ ಸಿಸ್‌ಪ್ಲಾಟಿನ್ ಎಂದಿತ್ತು. ಪಿಯುಸಿಯಲ್ಲಿ ಒಂದು ಅಂಕದ ಪ್ರಶ್ನೆಗೆಂದು ನಾನು ಬಾಯಿಪಾಠ ಮಾಡಿ ಮರೆತಿದ್ದ ಹೆಸರು ಅದು. ಅದೇ ಪಾಠದಲ್ಲಿ ಇನ್ನೊಂದು ಹೆಸರಿತ್ತು: ಆಲ್ಫ್ರೆಡ್ ವರ್ನರ್. ಆ ಮಹನೀಯರ ಬಗ್ಗೆಯೇ ಬರೆಯುತ್ತೇನೆಂದು ಒಪ್ಪಿಕೊಂಡೆ.

ವರ್ನರ್ ಹುಟ್ಟಿದ್ದು 1866ರ ಡಿಸೆಂಬರ್ 12ರಂದು, ಅಲ್ಸೇಸ್ ಪ್ರಾಂತ್ಯದ ಮುಲ್‌ಹೌಸ್ ಊರಿನಲ್ಲಿ. ತಂದೆ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವರು. ಬಾಲಕನಿಗೆ ನಾಲ್ಕು ವರ್ಷವಾಗಿದ್ದಾಗ ಯುದ್ಧವಾಗಿ ಫ್ರಾನ್ಸಿನ ಕೈಲಿದ್ದ ಊರು ಜರ್ಮನಿಯ ಪಾಲಾಯಿತು. ಮನೆಮಾತು ಮಾತ್ರ ಫ್ರೆಂಚ್ ಆಗಿಯೇ ಉಳಿಯಿತು. ಮುಂದೆ ಸ್ವಿಟ್ಜರ್ಲೆಂಡಿನ ಜೂರಿಕ್‌ಗೆ ಓದಲು ಹೋದ ವರ್ನರ್, ಗಣಿತದಲ್ಲಿ ಮತ್ತು ವಸ್ತುಗಳ ಆಕಾರವನ್ನು ಕಾಗದದ ಮೇಲೆ ಬಿಡಿಸುವ ಜ್ಯಾಮಿತಿಯಲ್ಲಿ ಫೇಲಾದರು. ಆಕಾರಗಳ ಲೆಕ್ಕದಲ್ಲಿ ಫೇಲಾದ ಅದೇ ಹುಡುಗ ಮುಂದೆ ಅಣುಗಳ ಆಕಾರವನ್ನು ಜಗತ್ತಿಗೆ ತೋರಿಸಿಕೊಟ್ಟ. ಇಂದು ನಮ್ಮ ಶಾಲೆಯ ಬೆಂಚಿನ ಮೇಲೆ ಅಂಕಪಟ್ಟಿ ಹಿಡಿದು ಬೇಸರದಿಂದ ಕೂತಿರುವ ಮಕ್ಕಳು ಇದನ್ನು ನೆನಪಿಡಬೇಕು.

ಆ ಕಾಲದ ರಸಾಯನಶಾಸ್ತ್ರಜ್ಞರಿಗೆ ಒಂದು ಒಗಟಿತ್ತು. ಕೋಬಾಲ್ಟ್ ಲೋಹ, ಕ್ಲೋರಿನ್ ಮತ್ತು ಅಮೋನಿಯಾ ಸೇರಿಸಿದರೆ ಒಮ್ಮೆ ಹಳದಿ, ಒಮ್ಮೆ ನೇರಳೆ, ಒಮ್ಮೆ ಹಸಿರು ಲವಣ ಬರುತ್ತಿತ್ತು. ಯಾಕೆಂದು ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಒಂದು ರಾತ್ರಿ ಎರಡು ಗಂಟೆಗೆ ವರ್ನರ್‌ಗೆ ಥಟ್ಟನೆ ಎಚ್ಚರವಾಗಿ ಉತ್ತರ ಹೊಳೆಯಿತಂತೆ. ಮರುದಿನ ಸಂಜೆ ಐದರವರೆಗೆ ಬಿಡದೆ ಬರೆದರಂತೆ. 1893ರಲ್ಲಿ ಅದು ಅಚ್ಚಾದಾಗ ಅವರಿಗೆ 26 ವರ್ಷ. ಲೋಹದ ಪರಮಾಣು ನಡುವೆ ಇರುತ್ತದೆ, ಅದರ ಸುತ್ತ ನಾಲ್ಕು ಅಥವಾ ಆರು ನೆರೆಯವರು ಗೊತ್ತಾದ ಜಾಗಗಳಲ್ಲಿ ನಿಲ್ಲುತ್ತಾರೆ, ಯಾರು ಎಲ್ಲಿ ನಿಂತಿದ್ದಾರೆ ಎಂಬುದರ ಮೇಲೆ ವಸ್ತುವಿನ ಗುಣ ಬದಲಾಗುತ್ತದೆ. ಇದಿಷ್ಟೇ ಅವರ ಸಿದ್ಧಾಂತದ ತಿರುಳು.

ಅದೇ ಬರಹದಲ್ಲಿ ಪ್ಲಾಟಿನಂ ಲವಣದ ಮಾತೂ ಇತ್ತು. ಇಟಲಿಯ ಮಿಕೆಲೆ ಪೆಯ್ರೋನೆ 1844ರಲ್ಲಿ ತಯಾರಿಸಿದ್ದ ಹಳದಿ ಲವಣ ಅದು. ಅಷ್ಟೇ ಪರಮಾಣುಗಳಿದ್ದ ಇನ್ನೊಂದು ಲವಣವೂ ಇತ್ತು, ಆದರೆ ಗುಣ ಬೇರೆ. ನಮ್ಮ ಅಂಗಳದ ರಂಗೋಲಿಯಂತೆ ಯೋಚಿಸಿ. ನಡುವಿನ ಚುಕ್ಕಿ ಪ್ಲಾಟಿನಂ, ಚೌಕದ ನಾಲ್ಕು ಮೂಲೆಗಳಲ್ಲಿ ಎರಡು ಅಮೋನಿಯಾ, ಎರಡು ಕ್ಲೋರಿನ್. ಕ್ಲೋರಿನ್‌ಗಳು ಅಕ್ಕಪಕ್ಕ ನಿಂತರೆ ಒಂದು ಲವಣ, ಎದುರುಬದುರು ನಿಂತರೆ ಇನ್ನೊಂದು ಎಂದು ವರ್ನರ್ ಹೇಳಿದರು.

ಹೇಳಿದ ಕೂಡಲೇ ಜಗತ್ತು ಒಪ್ಪಲಿಲ್ಲ. ಡೆನ್ಮಾರ್ಕಿನ ಹಿರಿಯ ವಿಜ್ಞಾನಿ ಯೋರ್ಗೆನ್ಸನ್ ವರ್ಷಗಟ್ಟಲೆ ವಾದಕ್ಕೆ ನಿಂತರು. ವರ್ನರ್ ಕೋಪಿಸಿಕೊಂಡು ಕೂರದೆ, ಜೂರಿಕ್ ವಿಶ್ವವಿದ್ಯಾಲಯದ ನೆಲಮಾಳಿಗೆಯ ಕತ್ತಲ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳ ಜೊತೆ ಒಂದೊಂದೇ ಪುರಾವೆ ಕೂಡಿಸಿದರು. ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ಅಪರೂಪಕ್ಕೆ ತೆರೆಯುತ್ತಿದ್ದ ಆ ದಿನಗಳಲ್ಲಿ ಇಂಗ್ಲೆಂಡಿನ ಈಡಿತ್ ಹಂಫ್ರಿ ಅವರ ಬಳಿ ಸಂಶೋಧನೆ ಮಾಡಿ 1901ರಲ್ಲಿ ಡಾಕ್ಟರೇಟ್ ಪಡೆದರು. ಸಿದ್ಧಾಂತದ ಪ್ರಕಾರ ಇರಲೇಬೇಕಾಗಿದ್ದ ಒಂದು ಲವಣವನ್ನು ವರ್ನರ್ 1907ರಲ್ಲಿ ತಯಾರಿಸಿ ತೋರಿಸಿದಾಗ ಯೋರ್ಗೆನ್ಸನ್ ಸೋಲೊಪ್ಪಿಕೊಂಡರು. 1913ರಲ್ಲಿ ವರ್ನರ್‌ಗೆ ನೊಬೆಲ್ ಬಂತು. ಅಷ್ಟರಲ್ಲಿ ಆರೋಗ್ಯ ಕೆಟ್ಟಿತ್ತು. ರಕ್ತನಾಳಗಳು ಗಟ್ಟಿಯಾಗುವ ಕಾಯಿಲೆಯಿಂದ 1919ರ ನವೆಂಬರ್ 15ರಂದು, 52ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆ ಪ್ಲಾಟಿನಂ ಲವಣ ಒಂದು ದಿನ ಔಷಧಿಯಾಗುತ್ತದೆಂದು ಅವರಿಗೆ ಗೊತ್ತೇ ಆಗಲಿಲ್ಲ.

ಅದು ಗೊತ್ತಾದದ್ದು ಅಮೆರಿಕದ ಮಿಷಿಗನ್‌ನಲ್ಲಿ. ಬಾರ್ನೆಟ್ ರೋಸೆನ್‌ಬರ್ಗ್ ಮತ್ತು ಸಂಗಡಿಗರು ಬ್ಯಾಕ್ಟೀರಿಯಾ ಇದ್ದ ದ್ರವದಲ್ಲಿ ಪ್ಲಾಟಿನಂ ತಗಡು ಇಟ್ಟು ಕರೆಂಟ್ ಹಾಯಿಸಿದರು. ಬ್ಯಾಕ್ಟೀರಿಯಾ ಸಾಯಲಿಲ್ಲ, ಆದರೆ ಒಡೆದು ಎರಡಾಗುವುದನ್ನು ನಿಲ್ಲಿಸಿ ದಾರದಂತೆ ಉದ್ದವಾದವು. ಇದಕ್ಕೆ ಕಾರಣ ಕರೆಂಟಲ್ಲ, ತಗಡಿನಿಂದ ಕರಗಿದ ಪ್ಲಾಟಿನಂ. ಈ ಸಂಗತಿ ಪ್ರಕಟವಾದದ್ದು 1965ರಲ್ಲಿ. ಕ್ಯಾನ್ಸರ್ ಎಂದರೂ ಜೀವಕೋಶಗಳು ಅಂಕೆ ಮೀರಿ ಒಡೆದು ಹೆಚ್ಚುವುದೇ ತಾನೆ? 1969ರಲ್ಲಿ ಇಲಿಗಳ ಗೆಡ್ಡೆಗಳು ಇದರಿಂದ ಕರಗಿದವೆಂದು ತೋರಿಸಿದರು. 1978ರಲ್ಲಿ ಅಮೆರಿಕದಲ್ಲಿ ಔಷಧಿಗೆ ಒಪ್ಪಿಗೆ ಸಿಕ್ಕಿತು. ಜೀವಕೋಶದೊಳಗೆ ಹೋದ ಪ್ಲಾಟಿನಂ ತನ್ನ ಕ್ಲೋರಿನ್‌ಗಳನ್ನು ಕಳಚಿ, ಖಾಲಿಯಾದ ಎರಡು ಕೈಗಳಿಂದ ಡಿಎನ್‌ಎಯ ಎರಡು ಅಕ್ಕಪಕ್ಕದ ಜಾಗಗಳನ್ನು ಹಿಡಿದು ಬಗ್ಗಿಸುತ್ತದೆ. ಆಗ ಕೋಶ ತನ್ನ ನಕಲು ಮಾಡಿಕೊಳ್ಳಲಾರದೆ ಸಾಯುತ್ತದೆ. ಎದುರುಬದುರು ಲವಣಕ್ಕೆ ಆ ಹಿಡಿತ ಸಿಗುವುದಿಲ್ಲ, ಹಾಗಾಗಿ ಅದು ಔಷಧಿಯಲ್ಲ. ವರ್ನರ್ ಗುರುತಿಸಿದ ವ್ಯತ್ಯಾಸ ಇದೇ.

ಈ ಔಷಧಿ ಸುಮ್ಮನೆ ಕೆಲಸ ಮಾಡುವುದಿಲ್ಲ. ಮೂತ್ರಪಿಂಡ ಕೆಡಬಾರದೆಂದು ಚಿಕ್ಕಮ್ಮನಿಗೆ ಮೊದಲು ಬರೀ ಸಲೈನ್ ಏರಿಸುತ್ತಿದ್ದರು. ರಾತ್ರಿಯೆಲ್ಲ ವಾಂತಿ. ಈಗ ಅವರಿಗೆ ಸಣ್ಣ ಸದ್ದು ಕೇಳುವುದಿಲ್ಲ, ನನ್ನ ಫೋನ್ ರಿಂಗಾದರೂ ಗೊತ್ತಾಗುವುದಿಲ್ಲ. ಆದರೆ ರೇಡಿಯೇಷನ್ ಜೊತೆ ಈ ಔಷಧಿಯೂ ಸೇರಿ ಅವರು ಉಳಿದಿದ್ದಾರೆ.

ಒಂದು ಮಾತು ನಮ್ಮೂರಿನ ತಾಯಂದಿರಿಗೆ. ಮುಟ್ಟು ನಿಂತ ಮೇಲೆ ರಕ್ತ ಕಾಣಿಸಿಕೊಂಡರೂ ಚಿಕ್ಕಮ್ಮ ನಾಚಿಕೆಯಿಂದ ಏಳು ತಿಂಗಳು ಯಾರಿಗೂ ಹೇಳಲಿಲ್ಲ. ಮನೆಯಲ್ಲಿ ಓದಿದವನಾದ ನಾನೂ ಕೇಳಲಿಲ್ಲ. ಆ ತಪ್ಪು ನಮ್ಮದು. ದಯವಿಟ್ಟು ಮುಚ್ಚಿಡಬೇಡಿ, ಬೇಗ ಡಾಕ್ಟರಿಗೆ ತೋರಿಸಿ. ಈ ವಿಷಯ ಬರೆಯಲು ಚಿಕ್ಕಮ್ಮನೇ ಒಪ್ಪಿಗೆ ಕೊಟ್ಟಿದ್ದಾರೆ.

ಇದನ್ನು ಕಲಿತು ಏನು ಪ್ರಯೋಜನ ಎಂದು ನಮ್ಮ ವಿಜ್ಞಾನ ಮೇಷ್ಟ್ರನ್ನು ನಾವು ಎಷ್ಟೋ ಸಲ ಕೇಳಿ ನಕ್ಕಿದ್ದೇವೆ. ವರ್ನರ್‌ರ ಪಾಠದ ಪ್ರಯೋಜನ ಕಾಣಲು 85 ವರ್ಷ ಬೇಕಾಯಿತು. ನನಗೆ ಅದು ಕಂಡದ್ದು ಆಸ್ಪತ್ರೆಯ ಮಂಚದ ಪಕ್ಕ ಕುಳಿತಾಗ. ಅಂದು ನಕ್ಕದ್ದಕ್ಕೆ ನನ್ನ ಗುರುಗಳೆಲ್ಲರ ಕ್ಷಮೆ ಕೇಳಿ, ಕಲಿಸಿದ್ದಕ್ಕೆ ನಮಸ್ಕರಿಸುತ್ತೇನೆ.