ಕತ್ತಲಲ್ಲಿಟ್ಟ ಜಾಡಿ: ಯಾನ್ ಇಂಗೆನ್‌ಹೌಸ್

ದೇವನಹಳ್ಳಿಯ ದ್ರಾಕ್ಷಿ ಬಳ್ಳಿಯಾಗಲಿ, ಹೊಸಕೋಟೆಯ ರಾಗಿ ಪೈರಾಗಲಿ ಆಹಾರ ತಯಾರಿಸಲು ಬೆಳಕು ಬೇಕೆಂದು ನಮ್ಮ ಶಾಲೆಗಳ ಮಕ್ಕಳು ಹೇಳುತ್ತಾರೆ. ಹಸಿರು ಎಲೆಗೂ ಬೆಳಕಿಗೂ ಇರುವ ಈ ನಂಟನ್ನು ಪ್ರಯೋಗದಿಂದ ತೋರಿಸಿಕೊಟ್ಟವರು ಒಬ್ಬ ವೈದ್ಯರು.

ಯಾನ್ ಇಂಗೆನ್‌ಹೌಸ್ 1730ರಲ್ಲಿ ನೆದರ್ಲೆಂಡ್ಸ್‌ನ ಬ್ರೆಡಾ ಪಟ್ಟಣದಲ್ಲಿ ಜನಿಸಿದರು. ಜೆನ್ನರ್‌ನ ಲಸಿಕೆ ಇನ್ನೂ ಬಾರದಿದ್ದ ಕಾಲವದು. ಸಿಡುಬಿನ ಕೀವನ್ನೇ ಅತ್ಯಲ್ಪ ಪ್ರಮಾಣದಲ್ಲಿ ಚುಚ್ಚಿ ರೋಗ ತಡೆಯುವುದರಲ್ಲಿ ಅವರು ಪರಿಣತರು. 1768ರಲ್ಲಿ ವಿಯೆನ್ನಾದ ರಾಣಿ ಮರಿಯಾ ಥೆರೇಸಾಳ ಕುಟುಂಬಕ್ಕೆ ಈ ಚಿಕಿತ್ಸೆ ನೀಡಿ ಆಸ್ಥಾನ ವೈದ್ಯರಾದರು.

ಉರಿಯುವ ಮೇಣದಬತ್ತಿಯಿಂದ ಕೆಟ್ಟ ಗಾಳಿಯನ್ನು ಪುದೀನ ಗಿಡ ಸರಿಪಡಿಸುತ್ತದೆಂದು ಇಂಗ್ಲೆಂಡಿನ ಪ್ರೀಸ್ಟ್ಲಿ 1771ರಲ್ಲಿ ಕಂಡುಕೊಂಡಿದ್ದರು. ಆದರೆ ಪ್ರಯೋಗ ಕೆಲವೊಮ್ಮೆ ಫಲಿಸುತ್ತಿತ್ತು, ಕೆಲವೊಮ್ಮೆ ಫಲಿಸುತ್ತಿರಲಿಲ್ಲ. ಕಾರಣ ತಿಳಿದಿರಲಿಲ್ಲ.

1779ರ ಬೇಸಿಗೆಯಲ್ಲಿ ಇಂಗೆನ್‌ಹೌಸ್ ಲಂಡನ್ನಿನ ಸಮೀಪ ಮನೆಯೊಂದನ್ನು ಬಾಡಿಗೆಗೆ ಹಿಡಿದರು. ಮೂರು ತಿಂಗಳಲ್ಲಿ 500ಕ್ಕೂ ಹೆಚ್ಚು ಪ್ರಯೋಗ ಮಾಡಿದರು. ನೀರು ತುಂಬಿದ ಜಾಡಿಯಲ್ಲಿ ಎಲೆಗಳನ್ನು ಮುಳುಗಿಸಿ ಬಿಸಿಲಿಗಿಟ್ಟಾಗ ಗುಳ್ಳೆಗಳು ಎದ್ದವು. ಆ ಗಾಳಿಯಲ್ಲಿ ದೀಪ ಪ್ರಖರವಾಗಿ ಉರಿಯಿತು. ಕತ್ತಲಲ್ಲಿಟ್ಟ ಎಲೆಗಳಾದರೋ ಗಾಳಿಯನ್ನು ಕೆಡಿಸಿದವು. ಬೆಳಕಿಲ್ಲದೆ ಬರಿಯ ಶಾಖ ಕೊಟ್ಟರೆ ಪ್ರಯೋಜನವಾಗಲಿಲ್ಲ. ಬೇರು, ಹೂವುಗಳಿಂದ ಈ ಕೆಲಸ ಆಗುವುದಿಲ್ಲ, ಹಸಿರು ಭಾಗಗಳಿಂದ ಮಾತ್ರ ಆಗುತ್ತದೆ ಎಂಬುದೂ ತಿಳಿಯಿತು. ಅದೇ ವರ್ಷ ಇವೆಲ್ಲವನ್ನೂ ಪುಸ್ತಕವಾಗಿ ಪ್ರಕಟಿಸಿದರು.

ಇಂಗಾಲದ ಡೈಆಕ್ಸೈಡ್‌ನ ಅಗತ್ಯವನ್ನು ಸೆನೆಬಿಯರ್ 1782ರಲ್ಲಿ ತೋರಿಸಿದರು. ನೀರಿನ ಪಾತ್ರವನ್ನು ಸೊಸ್ಯೂರ್ 1804ರಲ್ಲಿ ವಿವರಿಸಿದರು. ಅಷ್ಟರಲ್ಲಿ, 1799ರಲ್ಲಿ, ಇಂಗೆನ್‌ಹೌಸ್ ಇಂಗ್ಲೆಂಡಿನಲ್ಲಿ ನಿಧನರಾಗಿದ್ದರು. ದ್ಯುತಿಸಂಶ್ಲೇಷಣೆಯ ಸಮೀಕರಣ ಹೀಗೆ ಹಲವರ ದುಡಿಮೆಯಿಂದ ಪೂರ್ಣಗೊಂಡಿತು.

ಅಭ್ಯಾಸ ಬೋಧನೆಗೆ ಹೋಗುವ ನಮಗೆ ಈ ಜೀವನದಿಂದ ಒಂದು ಪಾಠವಿದೆ. ಹೈಡ್ರಿಲ್ಲಾ ಗಿಡವನ್ನು ಬೀಕರ್‌ನಲ್ಲಿಟ್ಟು, ಆಲಿಕೆ ಮುಚ್ಚಿ, ಬಿಸಿಲಿನಲ್ಲಿ ಗುಳ್ಳೆ ತೋರಿಸಿದರೆ ಮಕ್ಕಳು ಸಂತೋಷಪಡುತ್ತಾರೆ. ಆದರೆ ನೀರು ಬಿಸಿಯಾದಾಗಲೂ ಅದರಲ್ಲಿ ಕರಗಿದ ಗಾಳಿ ಗುಳ್ಳೆಯಾಗಿ ಏಳುತ್ತದೆ. ಜಾಣ ಮಗುವೊಂದು ಇದನ್ನೇ ಕೇಳಿದರೆ ಒಂದೇ ಬೀಕರ್ ಉತ್ತರ ಕೊಡಲಾರದು. ಅಂಥದೇ ಇನ್ನೊಂದನ್ನು ಕಪ್ಪು ಬಟ್ಟೆ ಸುತ್ತಿ ಅದೇ ಬಿಸಿಲಿನಲ್ಲಿಡಬೇಕು. ಶಾಖ ಎರಡಕ್ಕೂ ಸಿಗುತ್ತದೆ, ಬೆಳಕು ಒಂದಕ್ಕೆ ಮಾತ್ರ. ಎರಡನ್ನೂ ಹೋಲಿಸಿ ನೋಡಿದ ಮಗು ಬೆಳಕಿನ ಕೆಲಸವೇನೆಂದು ತಾನೇ ಹೇಳುತ್ತದೆ.