ಅಕ್ಷರವರಿಯದ ಹೈದರಾಲಿಯ ಚರಿತ್ರೆ

ನಮ್ಮ ಹಳ್ಳಿಗಳಿಂದ ಬೆಂಗಳೂರಿಗೆ ಹೋದವರು ಲಾಲ್‌ಬಾಗನ್ನು ನೋಡದೆ ಹಿಂದಿರುಗುವುದು ಅಪರೂಪ. ಪಟ್ಟಣದ ದಕ್ಷಿಣ ಭಾಗದಲ್ಲಿ, ಒಂದು ಕಡೆ ಬಸವನಗುಡಿಯೂ ಇನ್ನೊಂದು ಕಡೆ ಜಯನಗರವೂ ತಗಲಿಕೊಂಡಿರುವ ಆ ತೋಟವು ಈಗ ಸುಮಾರು 240 ಎಕರೆ ವಿಸ್ತಾರವುಳ್ಳದ್ದಾಗಿದೆ. ಅಲ್ಲಿ ಅನೇಕ ಮರಗಳಿಗೆ ಹೆಸರಿನ ಹಲಗೆಗಳನ್ನು ಹಾಕಿದ್ದಾರೆ. ಓದಬಲ್ಲವರು ಹಲಗೆಯನ್ನು ಓದಿ ಮರದ ಹೆಸರನ್ನು ಹೇಳುತ್ತಾರೆ. ಓದಲಾರದ ನಮ್ಮ ಒಕ್ಕಲಿಗನು ಎಲೆಯನ್ನೂ ತೊಗಟೆಯನ್ನೂ ನೋಡಿ ಹೇಳುತ್ತಾನೆ. ಆದರೆ 1760ರಲ್ಲಿ ಆ ತೋಟಕ್ಕೆ ಅಸ್ತಿವಾರ ಹಾಕಿದವನು ತಾನೇ ಒಂದು ಹಲಗೆಯನ್ನಾದರೂ ಓದಲಾರದವನಾಗಿದ್ದನೆಂಬುದನ್ನು ಬಲ್ಲವರು ಕಡಿಮೆ. ಅವನೇ ಹೈದರಾಲಿ.

ನಮ್ಮ ಸಭೆಗಳಲ್ಲಿ ಹೆಬ್ಬೆಟ್ಟು ಒತ್ತುವ ಹಿರಿಯರು ತಮಗೆ ಬುದ್ಧಿಯಿಲ್ಲವೆಂದು ಭಾವಿಸಿ ಸಭಾಕೂಟದಲ್ಲಿ ಬಾಯಿ ತೆರೆಯದೆ ಕುಳಿತಿರುವುದನ್ನು ನಾವು ಕಂಡಿದ್ದೇವೆ. ಪರೀಕ್ಷೆಯಲ್ಲಿ ತೇರ್ಗಡೆಯಾದ ಯೌವನಸ್ಥರು ಅದೇ ಕಾರಣದಿಂದ ತಂದೆತಾಯಿಗಳನ್ನು ತಾತ್ಸಾರ ಮಾಡುವುದನ್ನೂ ಕಂಡಿದ್ದೇವೆ. ಇನ್ನು ಕೆಲವರು, ಓದಿದವನು ನೇಗಿಲು ಹಿಡಿಯಲಾರನೆಂದು ಹೇಳಿ ಮಕ್ಕಳನ್ನು ಶಾಲೆಯಿಂದ ಬಿಡಿಸುತ್ತಾರೆ. ಈ ಮೂವರಿಗೂ ಹೈದರನ ಚರಿತ್ರೆಯಲ್ಲಿ ಪಾಠವುಂಟು.

ಹೈದರನು ಸುಮಾರು 1720ರಲ್ಲಿ ಕೋಲಾರ ಸೀಮೆಯ ಬೂದಿಕೋಟೆಯಲ್ಲಿ ಹುಟ್ಟಿದನು. ಅವನ ತಂದೆಯಾದ ಫತೇ ಮಹಮ್ಮದನು ಶಿರಾದ ನವಾಬನ ಕೈಕೆಳಗಿನ ಸೈನ್ಯಾಧಿಪತಿ. ಹುಡುಗನು ಇನ್ನೂ ಚಿಕ್ಕವನಾಗಿರುವಾಗಲೇ ತಂದೆಯು ಯುದ್ಧದಲ್ಲಿ ಮಡಿದದರಿಂದ ಮನೆಯವರು ಬಹು ಕಷ್ಟಕ್ಕೊಳಗಾದರು. ಹೈದರನಿಗೆ ಓದು ಬರಹ ದೊರೆಯಲಿಲ್ಲ. ಮೈಸೂರಿನ ದಂಡಿನಲ್ಲಿದ್ದ ಅಣ್ಣನನ್ನು ಹಿಂಬಾಲಿಸಿ ಅವನೂ ದಂಡನ್ನು ಸೇರಿದನು. 1749ರಲ್ಲಿ ಮೈಸೂರಿನವರು ದೇವನಹಳ್ಳಿಯ ಕೋಟೆಯನ್ನು ಮುತ್ತಿದಾಗ ಅವನ ಧೈರ್ಯವು ದಳವಾಯಿ ನಂಜರಾಜಯ್ಯನ ಕಣ್ಣಿಗೆ ಬಿತ್ತು. ಅಲ್ಲಿಂದ ಮೆಟ್ಟಲು ಮೆಟ್ಟಲಾಗಿ ಏರಿ, 1755ರಲ್ಲಿ ದಿಂಡಿಗಲ್ಲಿನ ಫೌಜುದಾರನಾದನು. ಕೆಲವು ವರುಷಗಳಲ್ಲಿ ಬೆಂಗಳೂರು ಅವನಿಗೆ ಜಾಗೀರಾಗಿ ಬಂದಿತು. ಶಿರಾದಲ್ಲಿದ್ದ ಮೊಗಲ ತೋಟದ ಮಾದರಿಯಂತೆ ಅವನು ಲಾಲ್‌ಬಾಗನ್ನು ಮಾಡಿಸತೊಡಗಿದ್ದು ಆಗಲೇ.

ಅವನಿಗೆ ಬರೆಯಲು ಬರುತ್ತಿದ್ದದ್ದು ತನ್ನ ಹೆಸರಿನ ಮೊದಲನೆಯ ಅಕ್ಷರವೊಂದೇ. ಅದನ್ನೂ ತಲೆಕೆಳಗಾಗಿ ಬರೆಯುತ್ತಿದ್ದನೆಂದು ಮೈಸೂರಿನ ಚರಿತ್ರೆಯನ್ನು ಬರೆದ ವಿಲ್ಕ್ಸ್ ಎಂಬವರು ಹೇಳಿದ್ದಾರೆ. ಆದರೆ ಅವನು ಐದು ಭಾಷೆಗಳನ್ನು ಮಾತನಾಡಬಲ್ಲವನಾಗಿದ್ದನು. ಒಮ್ಮೆ ಕೇಳಿದ್ದನ್ನು ಮರೆಯುತ್ತಿರಲಿಲ್ಲ. ಲೆಕ್ಕಗಳನ್ನು ಮನಸ್ಸಿನಲ್ಲಿಯೇ ಮಾಡುತ್ತಿದ್ದನು. ಪತ್ರವನ್ನು ಬರೆಯಿಸಬೇಕಾದಾಗ ಒಬ್ಬನಿಗೆ ಹೇಳಿ ಬರೆಯಿಸಿ, ಅವನಿಂದಲೇ ಓದಿಸಿ ಕೇಳುವನು. ತರುವಾಯ ಮತ್ತೊಬ್ಬನನ್ನು ಕರೆದು ಅದೇ ಪತ್ರವನ್ನು ಓದಿಸುವನು. ಎರಡು ಓದುಗಳಿಗೂ ವ್ಯತ್ಯಾಸ ಕಂಡರೆ ಬರೆದವನ ತಲೆ ಉಳಿಯುತ್ತಿರಲಿಲ್ಲ. ತನ್ನ ಕೊರತೆಯನ್ನು ಅರಿತು ಅದಕ್ಕೆ ಉಪಾಯ ಕಂಡುಕೊಂಡದ್ದು ಅವನ ಬುದ್ಧಿಯ ಮೊದಲನೆಯ ಗುರುತು. ತಾನು ಓದದಿದ್ದರೂ ಮಗನಾದ ಟಿಪ್ಪುವಿಗೆ ಗುರುಗಳನ್ನಿಟ್ಟು ಓದಿಸಿದನು.

ಅದೇ 1760ರಲ್ಲಿ ಅವನಿಗೆ ದೊಡ್ಡ ಆಪತ್ತು ಬಂದಿತು. ಅವನ ಲೆಕ್ಕಪತ್ರಗಳನ್ನೆಲ್ಲಾ ನೋಡಿಕೊಳ್ಳುತ್ತಿದ್ದ ಖಂಡೇರಾಯನು ಅರಮನೆಯವರ ಕಡೆ ಸೇರಿಕೊಂಡು ಶ್ರೀರಂಗಪಟ್ಟಣದಲ್ಲಿ ಅವನ ಮೇಲೆ ಫಿರಂಗಿ ಹಾರಿಸಿದನು. ಹೈದರನು ಹೆಂಡತಿ ಮಕ್ಕಳನ್ನೂ ಫಿರಂಗಿಗಳನ್ನೂ ಬಿಟ್ಟು, ಕೆಲವೇ ಸವಾರರೊಡನೆ ರಾತ್ರಿಯಲ್ಲಿ ಕಾವೇರಿಯನ್ನು ದಾಟಿ, ಆನೇಕಲ್ಲಿನ ಮಾರ್ಗವಾಗಿ ಬೆಂಗಳೂರನ್ನು ಸೇರಿದನು. ಮುಂದಿನ ವರುಷ ಅವನು ಮಾಡಿದ ಉಪಾಯವನ್ನು ಕೇಳಿರಿ. ನಂಜರಾಜಯ್ಯನ ಹೆಸರಿನಿಂದಲೂ ಮುದ್ರೆಯಿಂದಲೂ ಖಂಡೇರಾಯನ ಸರದಾರರಿಗೆ ಕಳ್ಳ ಪತ್ರಗಳನ್ನು ಬರೆಯಿಸಿ, ಅವು ಖಂಡೇರಾಯನ ಕೈಗೇ ಸಿಕ್ಕುವಂತೆ ಮಾಡಿದನು. ಓದಬಲ್ಲ ಖಂಡೇರಾಯನು ಓದಿದನು. ತನ್ನವರೇ ತನ್ನನ್ನು ಹಿಡಿದುಕೊಡುವರೆಂದು ನಂಬಿ ದಂಡನ್ನು ಬಿಟ್ಟು ಓಡಿದನು. ಹೀಗೆ ಅಕ್ಷರವರಿಯದವನು ಅಕ್ಷರದಿಂದಲೇ ಅಕ್ಷರಸ್ಥನನ್ನು ಸೋಲಿಸಿ, 1761ರಲ್ಲಿ ಮೈಸೂರು ರಾಜ್ಯದ ಸರ್ವಾಧಿಕಾರವನ್ನು ಹೊಂದಿದನು.

ಇಲ್ಲಿಯ ವರೆಗೆ ಓದಿದವರು ಹೈದರನ ಜಾಣತನವನ್ನು ಮೆಚ್ಚುವರು, ನಾವೂ ಮೆಚ್ಚುತ್ತೇವೆ. ಆದರೆ ಮುಂದೇನಾಯಿತು? ಖಂಡೇರಾಯನು ಸೆರೆಸಿಕ್ಕಿದಾಗ ಅರಮನೆಯ ಸ್ತ್ರೀಯರು ಅವನ ಪ್ರಾಣಕ್ಕಾಗಿ ಬೇಡಿಕೊಂಡರು. ಅವನನ್ನು ಕೊಲ್ಲದೆ ಗಿಳಿಯನ್ನು ಸಾಕಿದಂತೆ ಸಾಕುವೆನೆಂದು ಹೈದರನು ಮಾತು ಕೊಟ್ಟನೆಂದು ವಿಲ್ಕ್ಸ್ ಬರೆದಿದ್ದಾರೆ. ಆ ಮಾತನ್ನು ಅವನು ಅಕ್ಷರಶಃ ನಡಿಸಿದನು. ಖಂಡೇರಾಯನನ್ನು ಕಬ್ಬಿಣದ ಪಂಜರದಲ್ಲಿಟ್ಟು, ಗಿಳಿಗೆ ಹಾಕುವಂತೆ ಹಾಲನ್ನವನ್ನು ಹಾಕಿ, ಸಾಯುವ ತನಕ ಹಾಗೆಯೇ ಇರಿಸಿದನು. ಮಾತು ಉಳಿಯಿತು, ಮಾತಿನ ಅರ್ಥ ಸತ್ತಿತು. ಇದೂ ಜಾಣತನವೇ. ಆದರೆ ಇದಕ್ಕೆ ವಿವೇಕವೆಂದು ಹೆಸರಿಡಲು ನಮಗೆ ಮನಸ್ಸು ಬಾರದು.

ಓದಿದವರಾದರೂ ಮಾತಿಗೆ ನಿಂತರೋ ಎಂದರೆ ಅದೂ ಇಲ್ಲ. 1769ರಲ್ಲಿ ಹೈದರನು ಇಂಗ್ಲಿಷರ ದಂಡನ್ನು ದೂರಕ್ಕೆ ಸೆಳೆದು, ತಾನು ಕುದುರೆ ಸವಾರರೊಡನೆ ಮೂರೂವರೆ ದಿನಗಳಲ್ಲಿ ಸುಮಾರು 130 ಮೈಲಿ ನಡೆದು ಮದರಾಸಿನ ಬಾಗಲಿಗೇ ಬಂದು ನಿಂತನು. ಆಗ ಆದ ಒಡಂಬಡಿಕೆಯಲ್ಲಿ ಒಬ್ಬರಿಗೊಬ್ಬರು ಸಹಾಯ ಮಾಡುವೆವೆಂದು ಬರೆಯಲ್ಪಟ್ಟಿತ್ತು. ಆದರೆ ಮರಾಠರು ಮೈಸೂರಿನ ಮೇಲೆ ಬಂದಾಗ ಇಂಗ್ಲಿಷರು ಸಹಾಯಕ್ಕೆ ಬರಲಿಲ್ಲ. ಅವರಿಗೆ ಓದು ಬರಹ, ಕಾಗದ, ಮುದ್ರೆ ಎಲ್ಲವೂ ಇದ್ದವು. ಹೈದರನು ಅದನ್ನು ಸಾಯುವ ತನಕ ಮರೆಯಲಿಲ್ಲ.

ಹತ್ತು ವರುಷಗಳಾದ ಮೇಲೆ ಮದರಾಸಿನ ಗವರ್ನರರು ಹೈದರನ ಮನಸ್ಸನ್ನು ತಿಳಿಯಲು ಒಬ್ಬನನ್ನು ಕಳುಹಿಸಬೇಕಾಯಿತು. ಅವರು ಆರಿಸಿಕೊಂಡದ್ದು ತಂಜಾವೂರಿನ ಶ್ವಾರ್ಟ್ಸ್ ಪಾದ್ರಿಯವರನ್ನು. ಜರ್ಮನಿ ದೇಶದ ಹಾಲೆಯಲ್ಲಿ ವ್ಯಾಸಂಗ ಮಾಡಿ 1750ರಲ್ಲಿ ತರಂಗಂಬಾಡಿಗೆ ಬಂದಿದ್ದ ಈ ಪಾದ್ರಿಯವರು ತಮಿಳು, ಪಾರಸಿ, ಹಿಂದೂಸ್ತಾನಿ ಮುಂತಾದ ಭಾಷೆಗಳನ್ನು ಬಲ್ಲ ದೊಡ್ಡ ವಿದ್ವಾಂಸರು. ಬೇರೆ ದೂತರನ್ನು ನಂಬದ ಹೈದರನು ಈ ಕ್ರೈಸ್ತನನ್ನಾದರೆ ನಂಬುವೆನೆಂದು ಹೇಳಿಕಳುಹಿಸಿದ್ದನೆಂಬ ಮಾತು ಮಿಷನ್ ಚರಿತ್ರೆಗಳಲ್ಲಿ ಬಂದಿದೆ. 1779ರಲ್ಲಿ ಅವರು ಶ್ರೀರಂಗಪಟ್ಟಣಕ್ಕೆ ಬಂದಾಗ ಹೈದರನು ಅವರನ್ನು ತನ್ನ ಹತ್ತಿರವೇ ಕೂಡ್ರಿಸಿಕೊಂಡು ಮಾತನಾಡಿದನು.

ಪಾದ್ರಿಯವರು ಕಂಡದ್ದನ್ನು ಪಕ್ಷಪಾತವಿಲ್ಲದೆ ಬರೆದಿಟ್ಟಿದ್ದಾರೆ. ಹೈದರನ ಸೀಮೆಯಲ್ಲಿ ಸೇತುವೆಯೋ ರಸ್ತೆಯೋ ಕೆಟ್ಟರೆ ಕೂಡಲೇ ದುರಸ್ತು ಮಾಡುತ್ತಿದ್ದರು. ಆದದರಿಂದ ಖರ್ಚು ಕಡಿಮೆ, ಎಲ್ಲವೂ ಸುಸ್ಥಿತಿಯಲ್ಲಿತ್ತು. ಕರ್ನಾಟಿಕ್ ಸೀಮೆಯಲ್ಲಿ ಯೂರೋಪಿನವರೋ ಎಲ್ಲವನ್ನೂ ಹಾಳಾಗಲು ಬಿಟ್ಟಿದ್ದರು. ಇದನ್ನು ಅವರು ಹೊಗಳಿದರು. ಅದರ ಜೊತೆಯಲ್ಲಿಯೇ, ಹೈದರನ ಸನ್ನಿಧಿಯಲ್ಲಿ ಚಾಟಿ ಹಿಡಿದವರು ಯಾವಾಗಲೂ ಸಿದ್ಧರಾಗಿ ನಿಂತಿದ್ದರೆಂದೂ, ದೊಡ್ಡವರು ಚಿಕ್ಕವರೆನ್ನದೆ ಪ್ರತಿದಿನವೂ ಏಟು ತಿನ್ನುತ್ತಿದ್ದರೆಂದೂ ಬರೆದರು. ಭಯವೇ ಆ ಸರಕಾರದ ನಡುಗಂಬವಾಗಿತ್ತು.

ಹೊರಡುವಾಗ ಹೈದರನು ದಾರಿಯ ಖರ್ಚಿಗೆಂದು 300 ರೂಪಾಯಿಗಳ ಚೀಲವನ್ನು ಕಳುಹಿಸಿದನು. ಪಾದ್ರಿಯವರು ಅದನ್ನು ಮದರಾಸಿನ ಸರಕಾರಕ್ಕೆ ಒಪ್ಪಿಸಿದರು. ಸರಕಾರದವರು ತೆಗೆದುಕೊಳ್ಳದಿರಲು, ತಂಜಾವೂರಿನಲ್ಲಿ ಬಡಮಕ್ಕಳ ಶಾಲೆಗೆ ಅದನ್ನು ಮೂಲಧನವಾಗಿಟ್ಟರು. ಅಕ್ಷರವರಿಯದವನ ಹಣವು ಹೀಗೆ ಮಕ್ಕಳ ಅಕ್ಷರಕ್ಕಾಯಿತು.

ಸಂಧಾನವು ಮಾತ್ರ ಫಲಿಸಲಿಲ್ಲ. 1780ರಲ್ಲಿ ಯುದ್ಧವು ಆರಂಭವಾಗಿ, ಹೈದರನ ದಂಡು ಊರುಗಳನ್ನು ಸುಟ್ಟು ತಂಜಾವೂರಿನ ಸೀಮೆಯವರೆಗೂ ಕ್ಷಾಮವನ್ನು ತಂದಿತು. ಆ ಬೆಂಕಿಯ ನಡುವೆಯೂ ಶ್ವಾರ್ಟ್ಸ್ ಪಾದ್ರಿಯವರನ್ನು ಯಾರೂ ತಡೆಯಬಾರದೆಂದು ಹೈದರನು ತನ್ನವರಿಗೆ ಅಪ್ಪಣೆ ಕೊಟ್ಟನು. ಪಾದ್ರಿಯವರು ಅಕ್ಕಿ ಅಗ್ಗವಾಗಿದ್ದ ಕಾಲದಲ್ಲಿಯೇ ಕೊಂಡಿಟ್ಟಿದ್ದದರಿಂದ ಹಸಿದವರಿಗೆ ಹಂಚಲು ಸಾಧ್ಯವಾಯಿತು. ತಂಜಾವೂರಿನ ಕೋಟೆಯೊಳಗೆ ಧಾನ್ಯ ಮುಗಿದಾಗ ರಾಜನ ಮಾತನ್ನು ನಂಬಿ ಎತ್ತುಗಳನ್ನು ಕೊಡಲು ರೈತರು ಒಪ್ಪಲಿಲ್ಲ. ಪಾದ್ರಿಯವರು ತಮ್ಮ ಕೈಯಿಂದಲೇ ಕೂಲಿ ಕೊಡುವೆನೆಂದು ಮಾತು ಕೊಡಲು, ಒಂದೆರಡು ದಿನಗಳಲ್ಲಿ ಸಾವಿರಕ್ಕಿಂತ ಹೆಚ್ಚು ಎತ್ತುಗಳು ಬಂದವು. ಆ ರೈತರು ಅವರ ಗ್ರೀಕ್ ಇಬ್ರಿಯ ಪಾಂಡಿತ್ಯವನ್ನು ನೋಡಿ ಎತ್ತುಗಳನ್ನು ಹೊಡೆದುಕೊಂಡು ಬಂದರೋ? ಇಲ್ಲ. ಅವರ ಮಾತಿನಲ್ಲಿ ಎರಡನೆಯ ಅರ್ಥವಿರುವುದಿಲ್ಲವೆಂದು ಬಲ್ಲವರಾಗಿ ಬಂದರು.

ಹೈದರನು 1782ನೆಯ ಡಿಸೆಂಬರ್ 7ರಲ್ಲಿ ಚಿತ್ತೂರಿನ ಸಮೀಪದ ದಂಡಿನ ಪಾಳೆಯದಲ್ಲಿ ಬೆನ್ನಿನ ವ್ರಣದಿಂದ ತೀರಿಕೊಂಡನು. ಶ್ರೀರಂಗಪಟ್ಟಣದ ಗುಂಬಜಿನಲ್ಲಿ ಅವನ ಸಮಾಧಿಯಿದೆ.

ವಾಚಕರೇ, ನಾವು ಸೆಮಿನರಿಯಿಂದ ಹೊಸದಾಗಿ ಬಂದಾಗ ಪ್ರಾರ್ಥನಾಮಂದಿರದ ಗೋಡೆಯನ್ನು ಕಟ್ಟಿಸುವ ಕೆಲಸ ನಮ್ಮ ಪಾಲಿಗೆ ಬಂದಿತು. ಅಕ್ಷರ ಬಾರದ ಒಬ್ಬ ಹಿರಿಯರು ಮಳೆನೀರು ಆ ಕಡೆಯಿಂದಲೇ ಇಳಿಯುತ್ತದೆಂದು ಎಚ್ಚರಿಸಿದರು. ನಾವು ಕಾಗದದ ಮೇಲೆ ಬರೆದ ನಕ್ಷೆಯನ್ನು ಅವರಿಗೆ ತೋರಿಸಿದೆವು. ಮೊದಲನೆಯ ಮುಂಗಾರಿನಲ್ಲಿ ಗೋಡೆ ಬಿತ್ತು. ಆ ಹಿರಿಯರು ಒಂದು ಮಾತನ್ನೂ ಆಡದೆ ಬಂದು ಮಣ್ಣು ಹೊತ್ತರು. ಅಂದು ನಾವು ನಾಚಿಕೊಂಡದ್ದು ಗೋಡೆ ಬಿದ್ದದ್ದಕ್ಕಿಂತಲೂ ಅವರ ಮೌನಕ್ಕೆ.

ಆದದರಿಂದ ಹೆಬ್ಬೆಟ್ಟಿನ ಹಿರಿಯರೇ, ಸಭಾಕೂಟದಲ್ಲಿ ಬಾಯಿ ತೆರೆಯಿರಿ. ದೇವರು ನಿಮಗೆ ಕೊಟ್ಟ ಬುದ್ಧಿಯನ್ನು ಹೂತಿಡಬೇಡಿರಿ. ಯಾವ ಕಾಗದಕ್ಕಾದರೂ ಹೆಬ್ಬೆಟ್ಟು ಒತ್ತುವ ಮುಂಚೆ ಹೈದರನಂತೆ ಇಬ್ಬರಿಂದ ಬೇರೆ ಬೇರೆಯಾಗಿ ಓದಿಸಿ ಕೇಳಿರಿ. ಆದರೆ ಮಕ್ಕಳನ್ನು ಶಾಲೆಯಿಂದ ಬಿಡಿಸಬೇಡಿರಿ. ಸುಳ್ಳು ಬರೆದವನ ತಲೆ ತೆಗೆಯುವ ಅಧಿಕಾರ ಹೈದರನಿಗಿತ್ತು; ನಮ್ಮ ಹಳ್ಳಿಯ ವಿಧವೆಗೆ ಅದಿಲ್ಲ. ಅವಳಿಗೆ ತನ್ನ ಮಗಳ ಓದೇ ಕಾವಲು. ಓದಿದ ಯೌವನಸ್ಥರೇ, ಸೊಲೊಮೋನನು ದೇವರಲ್ಲಿ ಐಶ್ವರ್ಯವನ್ನು ಬೇಡದೆ ತಿಳುವಳಿಕೆಯುಳ್ಳ ಹೃದಯವನ್ನು ಬೇಡಿದನೆಂಬುದನ್ನು ಬಲ್ಲಿರಿ. ನಿಮ್ಮ ಊರಿನ ಬಡವನು ನಿಮ್ಮ ಬಾಯಿಮಾತನ್ನು ನಂಬಿ ತನ್ನ ಎತ್ತುಗಳನ್ನು ಬಿಚ್ಚಿ ಕೊಡುವನೋ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿರಿ. ಕೊಡುವನಾದರೆ ನಿಮ್ಮ ಓದು ಸಾರ್ಥಕವಾಯಿತು.