ಅತ್ತಿಮಬ್ಬೆಯ ತಾಯ್ತನ

ಚಿಂಚೋಳಿಯ ಕಡೆಯಿಂದ ಬರುವ ಮುಲ್ಲಾಮಾರಿಯ ನೀರನ್ನು ತನ್ನೊಳಗೆ ಕೂಡಿಸಿಕೊಂಡು, ಸೇಡಂ ಚಿತ್ತಾಪುರಗಳ ಸೀಮೆಯನ್ನು ಹಾದು, ಶಹಾಬಾದದ ಬಳಿ ಭೀಮೆಯನ್ನು ಸೇರುವ ಕಾಗಿಣಾ ನದಿಯ ದಂಡೆಯ ಮೇಲೆ ಮಳಖೇಡವೆಂಬ ಊರಿದೆ. ಸೇಡಂ ತಾಲ್ಲೂಕಿನ ಈ ಊರೇ ರಾಷ್ಟ್ರಕೂಟರ ಮಾನ್ಯಖೇಟ. ನೃಪತುಂಗನು ಆಳಿದ್ದು ಇಲ್ಲಿಂದ. ಕ್ರಿ. ಶ. 972ರಲ್ಲಿ ಪರಮಾರ ಸೀಯಕನು ಈ ಪಟ್ಟಣವನ್ನು ಸೂರೆಗೊಂಡನು. ಮರುವರ್ಷವೇ ಚಾಲುಕ್ಯ ತೈಲಪನು ರಾಷ್ಟ್ರಕೂಟರನ್ನು ಕೆಡಹಿ ರಾಜ್ಯವನ್ನು ತನ್ನದಾಗಿಸಿಕೊಂಡನು. ಶರಣರ ಕಲ್ಯಾಣವು ರಾಜಧಾನಿಯಾದದ್ದು ಅದಾದ ಎಷ್ಟೋ ವರ್ಷಗಳ ತರುವಾಯ. ತೈಲಪನ ಕಾಲದಲ್ಲಿ ಚಾಲುಕ್ಯರ ಸಿಂಹಾಸನವು ಈ ಕಾಗಿಣಾ ತೀರದಲ್ಲಿಯೇ ಇತ್ತು. ಆ ಸಿಂಹಾಸನವನ್ನು ಹೊತ್ತು ನಿಲ್ಲಿಸಿದ ಮನೆತನಗಳಲ್ಲೊಂದರ ಸೊಸೆಯೇ ಅತ್ತಿಮಬ್ಬೆ.

ಆಕೆ ಜೈನಧರ್ಮದ ಶ್ರಾವಕಿ. ಶರಣಧರ್ಮವನ್ನು ಕುರಿತ ಪತ್ರಿಕೆಯಲ್ಲಿ ಆಕೆಯ ಚರಿತ್ರೆಗೆ ಏನು ಸ್ಥಾನವೆಂದು ವಾಚಕರು ಕೇಳಬಹುದು. ದಾಸೋಹವೆಂಬ ಮಾತು ಈ ನಾಡಿನಲ್ಲಿ ಬೇರುಬಿಡುವುದಕ್ಕೆ ನೂರೈವತ್ತು ವರ್ಷಗಳ ಮೊದಲೇ ಅದರ ಅರ್ಥವನ್ನು ಬಾಳಿ ತೋರಿಸಿದ ಹೆಣ್ಣುಮಗಳನ್ನು ಮತದ ಗೋಡೆಯ ಆಚೆಗೆ ನಿಲ್ಲಿಸುವುದು ಶರಣರಿಗೆ ಒಪ್ಪುವ ನಡತೆಯಲ್ಲ.

ಅತ್ತಿಮಬ್ಬೆಯ ತವರು ವೆಂಗಿ ನಾಡಿನ ಮೂಲದ್ದು. ತಂದೆ ಮಲ್ಲಪಯ್ಯ; ಚಿಕ್ಕಪ್ಪ ಪುನ್ನಮಯ್ಯ. ಈ ಅಣ್ಣತಮ್ಮಂದಿರು ತಮ್ಮ ಗುರುವಾದ ಜಿನಚಂದ್ರರ ನೆನಪಿಗಾಗಿ ಪೊನ್ನ ಮಹಾಕವಿಯಿಂದ ಶಾಂತಿಪುರಾಣವನ್ನು ಬರೆಯಿಸಿದವರು. ಆ ಪೊನ್ನನು ಮಾನ್ಯಖೇಟದಲ್ಲಿ ಮುಮ್ಮಡಿ ಕೃಷ್ಣನ ಮನ್ನಣೆ ಪಡೆದ ಕವಿ. ಹೀಗೆ ಕಾವ್ಯವೆಂಬುದು ಆಕೆಗೆ ತೌರಿನ ಬಳುವಳಿಯಾಗಿಯೇ ಬಂದಿತ್ತು. ತೈಲಪನ ಮಂತ್ರಿಯಾದ ದಲ್ಲಪನ ಮಗ ನಾಗದೇವನಿಗೆ ಅತ್ತಿಮಬ್ಬೆಯನ್ನೂ ಆಕೆಯ ತಂಗಿ ಗುಂಡಮಬ್ಬೆಯನ್ನೂ ಕೊಟ್ಟು ಮದುವೆ ಮಾಡಿದರು. ಒಂದೇ ಮನೆಯಲ್ಲಿ ಹುಟ್ಟಿದ ಅಕ್ಕತಂಗಿಯರು ಒಂದೇ ಮನೆಯನ್ನು ತುಂಬಿದರು. ಅತ್ತಿಮಬ್ಬೆಗೆ ಅಣ್ಣಿಗದೇವನೆಂಬ ಮಗ ಹುಟ್ಟಿದನು.

ನಾಗದೇವನು ದೊಡ್ಡ ವೀರ. ಆದರೆ ಅವನಿಗೆ ಆಯುಷ್ಯವು ದೊಡ್ಡದಾಗಿರಲಿಲ್ಲ. ಅವನು ತೀರಿಕೊಂಡಾಗ ಗುಂಡಮಬ್ಬೆಯು ಗಂಡನೊಡನೆ ಚಿತೆಯನ್ನೇರಿದಳು. ಅಕ್ಕನು ಏರಲಿಲ್ಲ. ಮಗನಿಗಾಗಿ ಉಳಿದಳು.

ಈ ಒಂದು ಸಂಗತಿಯ ಮುಂದೆ ನಾವು ಸ್ವಲ್ಪ ಹೊತ್ತು ನಿಲ್ಲಬೇಕು. ಗಂಡನೊಡನೆ ಹೋದವಳಿಗೆ ವೀರಗಲ್ಲಿನ ಮಗ್ಗುಲಲ್ಲಿ ಕಲ್ಲು ನೆಟ್ಟು ಪೂಜೆ ಮಾಡುತ್ತಿದ್ದ ಕಾಲವದು. ಉಳಿದವಳಿಗೆ ಯಾರೂ ಕಲ್ಲು ನೆಡುತ್ತಿರಲಿಲ್ಲ. ತನ್ನ ಒಡಹುಟ್ಟಿದವಳೇ ಬೆಂಕಿಯನ್ನು ಆರಿಸಿಕೊಂಡಮೇಲೆ, ಬದುಕಿರುವ ಅಕ್ಕನ ಮೇಲೆ ಬೀಳುವ ಕಣ್ಣುಗಳು ಎಂಥವೆಂಬುದನ್ನು ನಮ್ಮ ಹಳ್ಳಿಗಳನ್ನು ಬಲ್ಲವರು ಊಹಿಸಿಕೊಳ್ಳಬಲ್ಲರು. ಲೋಕವನ್ನು ಬಿಟ್ಟು ದೀಕ್ಷೆ ಪಡೆದು ಕಂತಿಯಾಗುವ ಇನ್ನೊಂದು ದಾರಿಯೂ ಜೈನಧರ್ಮದಲ್ಲಿ ಆಕೆಗೆ ತೆರೆದಿತ್ತು. ಅದಕ್ಕೆ ಗೌರವವೂ ಇತ್ತು. ಆದರೆ ಆ ದಾರಿಯಲ್ಲಿ ಹೋಗುವವಳು ಮಗುವಿನ ಕೈಯನ್ನು ಬಿಡಬೇಕಾಗುತ್ತಿತ್ತು. ಅತ್ತಿಮಬ್ಬೆಯು ಬೆಂಕಿಯನ್ನೂ ಒಲ್ಲದೆ, ವನವನ್ನೂ ಒಲ್ಲದೆ, ವ್ರತೋಪವಾಸಗಳಿಂದ ದೇಹವನ್ನು ಸಣ್ಣಗಾಗಿಸಿಕೊಂಡು ಮನೆಯಲ್ಲಿಯೇ ನಿಂತಳು. ಗುಂಡಮಬ್ಬೆಯನ್ನು ಹಳಿಯುವುದು ನಮ್ಮ ಕೆಲಸವಲ್ಲ. ಕಾಲವು ಆಕೆಗೆ ಕಲಿಸಿದ್ದು ಅಷ್ಟೆ.

ಮುಂದೆ ಆಕೆ ಮಾಡಿದ ಕಾರ್ಯಗಳೆಲ್ಲವೂ ಈ ಉಳಿಯುವಿಕೆಯಿಂದ ಹುಟ್ಟಿದವು. ತಾಯ್ತನವು ಹೆಣ್ಣಿನ ಇತರ ಕೆಲಸಗಳಿಗೆ ಕಾಲುತೊಡಕೆಂಬ ಮಾತು ಇಂದು ಎಲ್ಲೆಡೆಯೂ ಕೇಳಿಬರುತ್ತದೆ. ಈ ತಾಯಿಯ ಬಾಳಿನಲ್ಲಾದದ್ದು ಅದಕ್ಕೆ ತಿರುಗುಮುರುಗು. ಮಗನು ಇಲ್ಲದಿದ್ದರೆ ಆಕೆ ಉಳಿಯುತ್ತಿದ್ದಳೋ ಇಲ್ಲವೋ. ಆಕೆ ಉಳಿಯದಿದ್ದರೆ ಕನ್ನಡದ ಎರಡು ಮಹಾಕಾವ್ಯಗಳ ಗತಿ ಏನಾಗುತ್ತಿತ್ತೋ ಹೇಳಲಾಗದು.

ಮೊದಲನೆಯದು ತನ್ನ ತಂದೆ ಬರೆಯಿಸಿದ ಶಾಂತಿಪುರಾಣ. ಅದರ ಸಾವಿರ ಪ್ರತಿಗಳನ್ನು ಮಾಡಿಸಿ ಆಕೆ ದಾನಮಾಡಿದಳು. ಸಾವಿರವೆಂಬ ಮಾತನ್ನು ನಾವು ನಾಲಿಗೆಯ ತುದಿಯಿಂದ ಆಡಿಬಿಡುತ್ತೇವೆ. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಅದರ ಭಾರವೇನೆಂಬುದನ್ನು ಎಣಿಸಿ ನೋಡೋಣ. ತಾಳೆಗರಿಯನ್ನು ತರಿಸಬೇಕು, ಹದಮಾಡಿ ಒಣಗಿಸಬೇಕು, ಒಂದೇ ಅಳತೆಗೆ ಕತ್ತರಿಸಬೇಕು. ಕಬ್ಬಿಣದ ಕಂಠದಿಂದ ಒಂದೊಂದೇ ಅಕ್ಷರವನ್ನು ಓಲೆ ಹರಿಯದಂತೆ ಕೊರೆಯಬೇಕು. ಕೊರೆದ ಗೆರೆಗಳಿಗೆ ಕಾಡಿಗೆ ತೀಡಿ ಒರೆಸಿದ ಮೇಲೆಯೇ ಅದು ಓದಲು ಬರುವುದು. ಕೊನೆಗೆ ತೂತಿನಲ್ಲಿ ದಾರ ಪೋಣಿಸಿ, ಮೇಲೆ ಕೆಳಗೆ ಹಲಗೆಯಿಟ್ಟು ಕಟ್ಟು ಕಟ್ಟಬೇಕು. ಶಾಂತಿಪುರಾಣವು ಹನ್ನೆರಡು ಆಶ್ವಾಸಗಳ ಚಂಪೂಕಾವ್ಯ. ನುರಿತ ಲಿಪಿಕಾರನೊಬ್ಬನು ತಿಂಗಳಿಗೊಂದು ಪ್ರತಿ ಮುಗಿಸುವನೆಂದು ಇಟ್ಟುಕೊಂಡರೂ, ಒಬ್ಬನಿಗೆ 83 ವರ್ಷಗಳಿಗೂ ಮೀರಿದ ಕೆಲಸವಾಯಿತು. 40 ಜನರನ್ನು ಕೂಡಿಸಿದರೆ ಎರಡು ವರ್ಷ ದಾಟಿತು. ಅಷ್ಟು ಜನರಿಗೆ ಊಟ, ವಸತಿ, ಸಂಬಳ, ಓಲೆಯ ಸರಬರಾಯಿ, ತಪ್ಪು ತಿದ್ದುವ ವಿದ್ವಾಂಸರು, ಹಂಚುವ ಏರ್ಪಾಡು. ಇದು ಕೇವಲ ಕೈಬಿಚ್ಚಿ ಕೊಟ್ಟ ದಾನವಲ್ಲ, ಒಂದು ದೊಡ್ಡ ಕಾರ್ಖಾನೆಯನ್ನು ನಡೆಸಿದ ಆಡಳಿತ. ಇದರ ಜೊತೆಗೆ 1500 ಜಿನಪ್ರತಿಮೆಗಳನ್ನು ಚಿನ್ನದಲ್ಲಿಯೂ ರತ್ನಗಳಲ್ಲಿಯೂ ಮಾಡಿಸಿ ದಾನವಿತ್ತಳೆಂಬ ಕೀರ್ತಿಯೂ ಆಕೆಗಿದೆ. ಜನರು ಆಕೆಯನ್ನು ದಾನಚಿಂತಾಮಣಿಯೆಂದು ಕರೆದರು.

ಆಕೆಯ ವ್ರತಬಲದಿಂದ ಗೋದಾವರಿಯ ಪ್ರವಾಹವು ತಡೆದು ನಿಂತಿತೆಂದು ಹೇಳುವುದುಂಟು. ಭಕ್ತರು ನಂಬಲಿ. ಈ ಲೇಖಕನಿಗಾದರೋ ನದಿಯನ್ನು ನಿಲ್ಲಿಸಿದ್ದಕ್ಕಿಂತ ಸಾವಿರ ಪುಸ್ತಕಗಳನ್ನು ಹರಿಯಬಿಟ್ಟದ್ದೇ ಹೆಚ್ಚಿನ ಪವಾಡವಾಗಿ ಕಾಣುತ್ತದೆ.

ಇಲ್ಲಿ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಅತ್ತಿಮಬ್ಬೆಗೆ ಐಶ್ವರ್ಯವಿತ್ತು, ಆಳುಕಾಳುಗಳಿದ್ದರು, ಮಂತ್ರಿಮನೆತನದ ಆಸರೆಯಿತ್ತು. ಆಕೆ ಓಲೆಯ ಕಟ್ಟುಗಳನ್ನು ಪರಿಶೀಲಿಸುತ್ತಿದ್ದಾಗ ಮಗನನ್ನು ನೋಡಿಕೊಳ್ಳಲು ಮನೆತುಂಬ ಕೈಗಳಿದ್ದವು. ಇದರಿಂದ ಆಕೆಯ ಹಿರಿಮೆ ಕುಂದುವುದಿಲ್ಲ, ಐಶ್ವರ್ಯವಿದ್ದವರೆಲ್ಲ ಅತ್ತಿಮಬ್ಬೆಯರಾಗಲಿಲ್ಲ. ಆದರೆ ಆಕೆಯ ಹೆಸರನ್ನು ಹಿಡಿದು, ಆಸರೆಯಿಲ್ಲದ ತಾಯಂದಿರನ್ನು ಚುಚ್ಚುವುದು ನ್ಯಾಯವಲ್ಲ. ಅದೇ ಮಾನ್ಯಖೇಟದ ಸುತ್ತಲಿನ ನೆಲದಲ್ಲಿ ಇಂದು ತೊಗರಿಯ ಹೊಲದ ಬದುವಿನ ಬೇವಿನ ಮರಕ್ಕೆ ಸೀರೆಯ ಜೋಲಿ ಕಟ್ಟಿ, ಕೂಸನ್ನು ಮಲಗಿಸಿ ಕಳೆ ತೆಗೆಯುವ ಅವ್ವಂದಿರಿದ್ದಾರೆ. ಶಹಾಬಾದ, ಚಿತ್ತಾಪುರಗಳ ಕಲ್ಲಿನ ಗಣಿಯಲ್ಲಿ ಹಾಸುಗಲ್ಲು ಹೊರುವವರಿದ್ದಾರೆ. ವಾಡಿಯ ಸಿಮೆಂಟಿನ ಊರಿನಲ್ಲಿ ನಸುಕಿಗೇ ಒಲೆ ಹೊತ್ತಿಸಿ, ಬುತ್ತಿ ಕಟ್ಟಿ, ಮಕ್ಕಳನ್ನು ಶಾಲೆಗೋ ಅಂಗನವಾಡಿಗೋ ಬಿಟ್ಟು, ತಾವು ಪಾಠ ಹೇಳಲು, ದಾದಿಯ ಕೆಲಸ ಮಾಡಲು, ಕಚೇರಿಗೆ ಹೋಗಲು ಧಾವಿಸುವವರಿದ್ದಾರೆ. ತಾಯಿಯಾದವಳು ದುಡಿಯಬಹುದೆ ಎಂಬ ಪ್ರಶ್ನೆ ಇವರ ಮನೆಗಳಲ್ಲಿ ಎಂದೂ ಏಳಲಿಲ್ಲ. ಆಕೆ ದುಡಿಯುವಾಗ ಕೂಸನ್ನು ಎತ್ತಿಕೊಳ್ಳುವವರು ಯಾರೆಂಬುದೇ ಪ್ರಶ್ನೆ. ಅತ್ತಿಮಬ್ಬೆಯ ಮನೆಯಲ್ಲಿ ಅದಕ್ಕೆ ಉತ್ತರವಿತ್ತು. ನಮ್ಮ ಮನೆಗಳಲ್ಲಿ ಅತ್ತೆಮಾವಂದಿರೂ ಗಂಡಂದಿರೂ ಆ ಉತ್ತರವನ್ನು ಇನ್ನೂ ಕೊಡಬೇಕಾಗಿದೆ.

ಕಲ್ಯಾಣದ ಮಹಾಮನೆಯಲ್ಲಿಯೂ ಇದೇ ಉತ್ತರವನ್ನು ಕಾಣುತ್ತೇವೆ. ಬಸವಣ್ಣನವರ ಅಕ್ಕ ನಾಗಲಾಂಬಿಕೆಯು ದಾಸೋಹದ ಹೊಣೆಯನ್ನು ಹೊತ್ತಿದ್ದಳೆಂದೂ, ಆಕೆಯ ಮಗ ಚೆನ್ನಬಸವಣ್ಣನವರು ಸೋದರಮಾವನ ನೆರಳಿನಲ್ಲಿ ಬೆಳೆದರೆಂದೂ ಶರಣಪರಂಪರೆಯು ಹೇಳುತ್ತದೆ. ಅಲ್ಲಿ ಕೂಸು ಒಬ್ಬಳದೇ ಭಾರವಾಗಿರಲಿಲ್ಲ.

ಮತ್ತೆ ಅತ್ತಿಮಬ್ಬೆಯ ಕಡೆಗೆ ಬರೋಣ. ಮುಧೋಳದ ಬಳೆಗಾರರ ಮನೆತನದಲ್ಲಿ 949ರಲ್ಲಿ ಹುಟ್ಟಿದ ರನ್ನನೆಂಬ ಕವಿ, ಗಂಗರ ನಾಡಿನಲ್ಲಿ ಚಾವುಂಡರಾಯನ ಆಶ್ರಯದಲ್ಲಿ ಬೆಳೆದು, ತೈಲಪನ ಆಸ್ಥಾನಕ್ಕೆ ಬಂದು ಕವಿಚಕ್ರವರ್ತಿಯೆನಿಸಿದನು. ಅವನಿಂದ ಎರಡನೆಯ ತೀರ್ಥಂಕರನ ಚರಿತೆಯಾದ ಅಜಿತಪುರಾಣವನ್ನು ಆಕೆ ಬರೆಯಿಸಿದಳು. 993ರಲ್ಲಿ ಅದು ಮುಗಿಯಿತು. ಸಾಮಾನ್ಯವಾಗಿ ಕವಿಗಳು ಕಾವ್ಯದ ಮೊದಲಲ್ಲಿ ರಾಜನನ್ನೋ ದಂಡನಾಯಕನನ್ನೋ ಹೊಗಳುವುದು ರೂಢಿ. ಇಲ್ಲಿ ಒಬ್ಬ ವಿಧವೆಯ ಬಾಳು, ಆಕೆಯ ತವರು, ತಂಗಿಯ ಅಂತ್ಯ, ಮಗ, ವ್ರತ, ದಾನ ಇವೆಲ್ಲವೂ ಮಹಾಕಾವ್ಯದಲ್ಲಿ ಸ್ಥಾನ ಪಡೆದವು. ನಾವು ಆಕೆಯ ವಿಷಯವಾಗಿ ತಿಳಿದಿರುವುದರಲ್ಲಿ ಬಹುಭಾಗ ಆ ಕಾವ್ಯದಿಂದಲೇ ಬಂದದ್ದು.

ಮಗನೇನಾದನು? ತಂದೆಯಿಲ್ಲದೆ ತಾಯಿಯ ಕೈಯಲ್ಲಿ ಬೆಳೆದ ಅಣ್ಣಿಗದೇವನು ಪಡುವಳ ತೈಲನೆಂಬ ಹೆಸರಿನಿಂದ ಮಾಸವಾಡಿ ನೂರನಾಲ್ವತ್ತನ್ನು ಆಳಿದನು. ತೈಲಪನು ಗತಿಸಿ ಅವನ ಮಗ ಇರಿವಬೆಡಂಗ ಸತ್ಯಾಶ್ರಯನು ಪಟ್ಟದಲ್ಲಿದ್ದಾಗ, ಮಗನ ಆಳ್ವಿಕೆಯ ಆ ನಾಡಿಗೆ ಸೇರಿದ ಲಕ್ಕುಂಡಿಯಲ್ಲಿ ತಾಯಿಯು ಬಸದಿಯೊಂದನ್ನು ಕಟ್ಟಿಸಿದಳು. 1007ರ ಶಾಸನವು ಅದನ್ನು ಹೇಳುತ್ತದೆ. ಚಕ್ರವರ್ತಿಯ ಹೆಸರು, ಮಗನ ಹೆಸರು, ತಾಯಿಯ ಹೆಸರು ಒಂದೇ ಕಲ್ಲಿನಲ್ಲಿವೆ. ಮಗನಿಗಾಗಿ ಉಳಿದವಳಿಗೆ ಕಲ್ಲು ನೆಡುವವರಿರಲಿಲ್ಲವೆಂದು ಮೇಲೆ ಹೇಳಿದೆವು. ಈಕೆಯ ಮಟ್ಟಿಗೆ ಆ ಕೊರತೆ ಲಕ್ಕುಂಡಿಯಲ್ಲಿ ತೀರಿತು. ಗದಗಿನ ಸಮೀಪದ ಆ ಊರಿನಲ್ಲಿ ಬ್ರಹ್ಮಜಿನಾಲಯವು ಇಂದಿಗೂ ನಿಂತಿದೆ. ಕರ್ನಾಟಕ ಸರ್ಕಾರವು ಆಕೆಯ ಹೆಸರಿನಲ್ಲಿ ಲೇಖಕಿಯರಿಗೆ ಪ್ರಶಸ್ತಿಯನ್ನು ಸ್ಥಾಪಿಸಿದೆ.

ರನ್ನ ಕವಿಯು ಆಕೆಗೆ ಇನ್ನೊಂದು ಬಗೆಯಲ್ಲಿಯೂ ಋಣ ತೀರಿಸಿದನು. ತನ್ನ ಮನೆಯಲ್ಲಿ ಹುಟ್ಟಿದ ಗಂಡುಮಗುವಿಗೆ ಚಾವುಂಡರಾಯನ ನೆನಪಿಗೆ ರಾಯನೆಂದು ಹೆಸರಿಟ್ಟನು. ಹೆಣ್ಣುಮಗುವಿಗೆ ಅತ್ತಿಮಬ್ಬೆಯೆಂದು ಹೆಸರಿಟ್ಟನು.